ಜೆ-1 ವೇವರ್ ತಡವಾದರೆ ಗ್ರೀನ್ ಕಾರ್ಡ್ ಕೆಲಸವೂ ನಿಲ್ಲಬೇಕಾ?

ಪುಣೆ, ಮುಂಬೈ, ಹೈದರಾಬಾದ್ ಕಡೆ ಇರೋ ನಮ್ಮ ಎಷ್ಟೋ ಕನ್ನಡದ ಮನೆಗಳಲ್ಲಿ ಮಗನೋ ಮಗಳೋ ಅಮೆರಿಕದಲ್ಲಿ ಪೋಸ್ಟ್‌ಡಾಕ್ ಮಾಡ್ತಾ ಇರ್ತಾರೆ. ಅವರು ಹೋಗಿರೋದು ಸಾಮಾನ್ಯವಾಗಿ ಜೆ-1 ವೀಸಾದಲ್ಲಿ. ಮುಂದೆ ಅಲ್ಲೇ ನೆಲೆ ನಿಲ್ಲೋಣ ಅಂತ ಗ್ರೀನ್ ಕಾರ್ಡ್ ಕಡೆ ಹೊರಟಾಗ "ಮೊದಲು ವೇವರ್ ತನ್ನಿ" ಅಂತಾರೆ. ಅಲ್ಲಿಂದ ತಿಂಗಳುಗಟ್ಟಲೆ ಕಾಯೋದು ಶುರು. ನನ್ನ ಅಕ್ಕನ ಮಗಳಿಗೋಸ್ಕರ ಪುಣೆಯಲ್ಲಿ ಕಾಗದ ಹಿಡಿದು ಓಡಾಡಿದವನು ನಾನೇ. ಅದರಿಂದ ತಿಳಿದದ್ದನ್ನು ಇವತ್ತು ಹೇಳ್ತೀನಿ.

ಮೊದಲು ನಿಯಮ ಏನು ಅಂತ ನೋಡೋಣ. ಅಮೆರಿಕದ ವಲಸೆ ಕಾನೂನಿನ 212(ಇ) ಕಲಮಿಗೆ ಒಳಪಟ್ಟ ಜೆ-1ನವರು ತಮ್ಮ ದೇಶಕ್ಕೆ ಮರಳಿ ಒಟ್ಟು ಎರಡು ವರ್ಷ ಇರಬೇಕು. ಇಲ್ಲವೇ ಆ ಷರತ್ತಿನಿಂದ ವಿನಾಯಿತಿ, ಅಂದರೆ ವೇವರ್, ಪಡೀಬೇಕು. ಎರಡೂ ಇಲ್ಲದೆ ಎಚ್-1ಬಿಯೂ ಇಲ್ಲ, ಗ್ರೀನ್ ಕಾರ್ಡೂ ಇಲ್ಲ. ಅಮೆರಿಕದ ಪ್ರಜೆಯನ್ನು ಮದುವೆಯಾದರೂ ಷರತ್ತು ತಾನಾಗಿ ಹೋಗೋದಿಲ್ಲ.

ಆದರೆ ಜೆ-1ನವರೆಲ್ಲರಿಗೂ ಈ ಷರತ್ತು ಇಲ್ಲ. ಮೂರು ಕಾರಣಕ್ಕೆ ಇದು ಬೀಳುತ್ತೆ: ಸರ್ಕಾರದ ಹಣದಲ್ಲಿ ಹೋಗಿದ್ದರೆ, ವೈದ್ಯರಾಗಿ ಅಲ್ಲಿ ರೆಸಿಡೆನ್ಸಿಯಂಥ ತರಬೇತಿ ಪಡೆದಿದ್ದರೆ, ಅಥವಾ ನಿಮ್ಮ ವಿಷಯ 'ಸ್ಕಿಲ್ಸ್ ಲಿಸ್ಟ್' ಪಟ್ಟಿಯಲ್ಲಿ ನಿಮ್ಮ ದೇಶದ ಹೆಸರಿನ ಮುಂದೆ ಇದ್ದರೆ. ನಮ್ಮವರಲ್ಲಿ ಬಹಳ ಜನ ಸಿಕ್ಕಿಹಾಕಿಕೊಂಡಿದ್ದು ಈ ಪಟ್ಟಿಯಿಂದಲೇ. 2024ರ ಡಿಸೆಂಬರ್ 9ರಿಂದ ಜಾರಿಯಾದ ಹೊಸ ಪಟ್ಟಿಯಲ್ಲಿ ಭಾರತದ ಹೆಸರೇ ಇಲ್ಲ. ಅದಕ್ಕೂ ಮುಂಚೆ ಹೋದವರಿಗೂ ಇದು ಅನ್ವಯಿಸುತ್ತೆ. ಅಂದರೆ ಪಟ್ಟಿ ಒಂದೇ ಕಾರಣವಾಗಿದ್ದವರಿಗೆ ಈಗ ವೇವರ್ ಬೇಕಾಗಿಲ್ಲ! ವೀಸಾ ಮೇಲೆ ಷರತ್ತು ಇದೆ ಅಂತ ಹಳೇ ಬರಹ ಇದ್ದು ಅನುಮಾನ ಬಂದರೆ, ಅಮೆರಿಕದ ವಿದೇಶಾಂಗ ಇಲಾಖೆಯ ವೇವರ್ ವಿಭಾಗಕ್ಕೆ 'ಅಡ್ವೈಸರಿ ಒಪಿನಿಯನ್' ಕೇಳಿ ಬರೀಬಹುದು. ಕಾಯೋಕೆ ಮುಂಚೆ, ಕಾಯಲೇಬೇಕಾ ಅಂತ ನೋಡಿಕೊಳ್ಳಿ.

ವೇವರ್ ಬೇಕೇ ಬೇಕು ಅಂತಾದರೆ, ಸಾಮಾನ್ಯ ದಾರಿ 'ನೋ ಅಬ್ಜೆಕ್ಷನ್'. "ಇವರು ವಾಪಸ್ ಬರದಿದ್ದರೆ ನಮ್ಮ ಅಭ್ಯಂತರ ಇಲ್ಲ" ಅಂತ ಭಾರತ ಸರ್ಕಾರ ಹೇಳಬೇಕು. ಜೆ-1ನಲ್ಲಿ ತರಬೇತಿ ಪಡೆದ ಡಾಕ್ಟರ್‌ಗಳಿಗೆ ಈ ದಾರಿ ಇಲ್ಲ. ಫುಲ್‌ಬ್ರೈಟ್‌ನಂತೆ ಅಮೆರಿಕ ಸರ್ಕಾರದ ಹಣ ಪಡೆದವರಿಗೆ ಇದರಿಂದ ಸಿಗೋದು ಕಷ್ಟ. ಉಳಿದವರು ಡಿಎಸ್-3035 ಅರ್ಜಿಯನ್ನು 120 ಡಾಲರ್ ಶುಲ್ಕದ ಜೊತೆ ಅಲ್ಲಿ ಕೊಡಬೇಕು. ಇಲ್ಲಿ ನೋರಿ ಅನ್ನೋ ಪ್ರಮಾಣಪತ್ರದ ಕೆಲಸ ನಡೀಬೇಕು. ಅದರಲ್ಲಿ ಶಿಕ್ಷಣ ಸಚಿವಾಲಯ, ರಾಜ್ಯ ಸರ್ಕಾರ, ಪಾಸ್‌ಪೋರ್ಟ್ ಕಚೇರಿ ಹೀಗೆ ಹಲವು ಕೈ ಇರುತ್ತೆ. ಕೊನೆಗೆ ನಮ್ಮ ರಾಯಭಾರ ಕಚೇರಿ ಆ ಪತ್ರವನ್ನು ನೇರವಾಗಿ ಅಲ್ಲಿನ ವೇವರ್ ವಿಭಾಗಕ್ಕೆ ಕಳಿಸುತ್ತೆ. ಆ ವಿಭಾಗದ ಶಿಫಾರಸು ವಲಸೆ ಇಲಾಖೆಗೆ ಹೋಗಿ, ಅಂತಿಮ ಮಂಜೂರಾತಿ ಅಲ್ಲಿಂದ ಬರುತ್ತೆ.

ಈ ಸರಪಳಿಯಲ್ಲಿ ಫೈಲ್ ಎಲ್ಲಿ ಕೂತಿದೆ ಅಂತ ಕಂಡುಹಿಡಿಯೋದೇ ಅರ್ಧ ಕೆಲಸ. ನಮ್ಮ ಹುಡುಗಿ ತಡ ಆಗ್ತಿರೋದು ವಾಷಿಂಗ್ಟನ್‌ನಲ್ಲಿ ಅಂದುಕೊಂಡಿದ್ದಳು. ಅವಳ ಪಾಸ್‌ಪೋರ್ಟ್‌ನಲ್ಲಿ ಇದ್ದದ್ದು ನಮ್ಮಕ್ಕ ಬಿಟ್ಟುಬಂದ ಹಳೇ ಮನೆ ವಿಳಾಸ. ವಿಚಾರಣೆಗೆ ಬಂದವರು ಬೀಗ ನೋಡಿಕೊಂಡು ಹೋದರಂತೆ. ನಮಗೆ ಗೊತ್ತಾಗಿದ್ದು ಎರಡು ತಿಂಗಳ ಮೇಲೆ. ಹಾಗಾಗಿ ಊರಲ್ಲಿರೋ ಅಪ್ಪ ಅಮ್ಮ ಆ ವಿಳಾಸದಲ್ಲಿ ಯಾರಾದರೂ ಉತ್ತರ ಕೊಡೋ ಹಾಗೆ ನೋಡಿಕೊಳ್ಳಿ. ಪ್ರತಿ ಕಚೇರಿಯ ಅರ್ಜಿ ಸಂಖ್ಯೆ, ಕೊಟ್ಟ ತಾರೀಖು ಒಂದೇ ಪುಸ್ತಕದಲ್ಲಿ ಬರೆದಿಡಿ.

ಈ ನಡುವೆ ಗ್ರೀನ್ ಕಾರ್ಡ್ ಕೆಲಸ ಪೂರ್ತಿ ನಿಲ್ಲಿಸಬೇಕಾಗಿಲ್ಲ. ವೇವರ್ ಇಲ್ಲದೆ ಆಗದಿರೋದು ಕೊನೆಯ ಹಂತ, ಅಂದರೆ ಐ-485. ಅದರ ಮುಂಚಿನ ಐ-140 ಅರ್ಜಿಗೆ 212(ಇ) ಅಡ್ಡಿ ಬರೋದಿಲ್ಲ. ಉದ್ಯೋಗದ ಆಧಾರದ ಗ್ರೀನ್ ಕಾರ್ಡ್‌ಗಳಲ್ಲಿ ಒಂದು ದೇಶಕ್ಕೆ ಶೇ. 7ರ ಮಿತಿ ಇರೋದರಿಂದ ಭಾರತೀಯರ ಸಾಲು ಹೇಗೂ ಬಹಳ ಉದ್ದ. ಆ ಸಾಲಿನಲ್ಲಿ ನಿಮ್ಮ ಜಾಗ, ಅಂದರೆ ಪ್ರಯಾರಿಟಿ ಡೇಟ್, ಬೇಗ ಹಿಡಿದಷ್ಟೂ ಒಳ್ಳೇದು. ವೇವರ್ ಬಂದ ಮೇಲೆ ಶುರು ಮಾಡೋಣ ಅಂತ ಕೂತರೆ ಎರಡು ಕಡೆ ಕಾದ ಹಾಗಾಗುತ್ತೆ.

ಒಂದು ಎಚ್ಚರಿಕೆ. ವಿದೇಶಾಂಗ ಇಲಾಖೆಯ ಶಿಫಾರಸು ಬಂದ ಮೇಲೆ ಜೆ-1 ಅವಧಿ ವಿಸ್ತರಣೆ ಆಗೋದಿಲ್ಲ. ಕೆಲಸ ಇನ್ನೂ ಬಾಕಿ ಇದ್ದರೆ ವಿಸ್ತರಣೆ ಮೊದಲು ಮಾಡಿಸಿಕೊಳ್ಳಿ, ಮುಂದಿನ ಎಚ್-1ಬಿಗೆ ಕೊಡೋ ಸಂಸ್ಥೆ ಯಾವುದು ಅಂತಲೂ ಗೊತ್ತು ಮಾಡಿಕೊಳ್ಳಿ. ಯಾವುದು ಮೊದಲು, ಯಾವುದು ಆಮೇಲೆ ಅಂತ ಅಲ್ಲಿನ ವಲಸೆ ವಕೀಲರ ಹತ್ತಿರ ಒಮ್ಮೆ ಕೂತು ಮಾತಾಡಿ.

ಮಗಳು ರಾತ್ರಿ ಫೋನ್ ಮಾಡಿ "ಏನೂ ಆಗ್ತಾ ಇಲ್ಲ ಅಪ್ಪಾ" ಅಂದರೆ, "ಫೈಲ್ ಈಗ ಯಾವ ಕಚೇರಿಯಲ್ಲಿದೆ?" ಅಂತ ಕೇಳಿ. ಉತ್ತರ ಗೊತ್ತಿಲ್ಲ ಅಂದರೆ ಮಾರನೇ ದಿನದ ಕೆಲಸ ಅದೇ.