ಅಗ್ನಿಸಾಕ್ಷಿಯೂ ಕಾಗದಸಾಕ್ಷಿಯೂ

ಲಗ್ನಪತ್ರಿಕೆಯೊಂದನ್ನು ಇಂಗ್ಲಿಷಿಗೆ ಭಾಷಾಂತರಿಸುವ ಕಾರ್ಯ ನನ್ನ ಪಾಲಿಗೆ ಬಂದೀತೆಂದು ನಾನು ಎಂದೂ ಎಣಿಸಿರಲಿಲ್ಲ. ಪಂಪ ರನ್ನರ ಪಾಠ ಹೇಳಿಕೊಂಡು ಕಾಲ ಕಳೆದವನಿಗೆ ಅದರ ಅಗತ್ಯವಾದರೂ ಏನಿದ್ದೀತು? ಆದರೆ ಕಳೆದ ಶ್ರಾವಣದಲ್ಲಿ, ಹಿಂದೊಮ್ಮೆ ನನ್ನ ತರಗತಿಯಲ್ಲಿ ಕುಳಿತಿದ್ದ ಹೆಣ್ಣುಮಗಳೊಬ್ಬಳು ತಂದೆಯೊಡನೆ ಮನೆಗೆ ಬಂದಳು. ಮೂಲೆಗಳಿಗೆ ಅರಿಶಿನ ಹಚ್ಚಿದ್ದ ಪತ್ರಿಕೆಯನ್ನು ಮೇಜಿನ ಮೇಲಿಟ್ಟು, "ಸರ್, ಇದನ್ನು ಒಂದಕ್ಷರವನ್ನೂ ಬಿಡದೆ ಇಂಗ್ಲಿಷಿಗೆ ಮಾಡಿಕೊಡಬೇಕಂತೆ. ಮಾಡಿದವರು ತಮಗೆ ಎರಡು ಭಾಷೆಯೂ ಚೆನ್ನಾಗಿ ಬರುತ್ತದೆಂದು ಬರೆದು ರುಜು ಹಾಕಬೇಕಂತೆ" ಎಂದಳು.

ಅವಳ ಗಂಡ ಅಮೆರಿಕದಲ್ಲಿ ನೆಲಸಿದವನು, ಆ ದೇಶದ ಪೌರ. ಮದುವೆ ಇಲ್ಲಿಯೇ, ಊರ ದೇವಸ್ಥಾನದ ಪಕ್ಕದ ಛತ್ರದಲ್ಲಿ, ನಾನೂರು ಜನ ಬಂಧುಮಿತ್ರರ ಎದುರಿನಲ್ಲಿ ನಡೆದಿತ್ತು. ನೋಂದಣಿ ಮಾತ್ರ ಹನ್ನೊಂದು ತಿಂಗಳು ತಡವಾಗಿತ್ತು. ಅಳಿಯ ರಜೆ ಮುಗಿಸಿ ಹೊರಟುಬಿಟ್ಟಿದ್ದ. ಮನೆಯವರಿಗೆ ಅದು ಅವಸರದ ಕೆಲಸವೆಂದು ತೋರಿರಲಿಲ್ಲ. ಈಗ ಹೆಂಡತಿಯ ವೀಸಾಕ್ಕೆ ಅರ್ಜಿ ಹಾಕುವಾಗ, ಈ ಅಂತರವನ್ನು ಕಂಡು ಯಾರಾದರೂ ಹುಬ್ಬು ಗಂಟಿಕ್ಕಿಯಾರೆಂದು ವಕೀಲರು ಶಂಕಿಸಿದರು. ಪತ್ರಿಕೆಯಲ್ಲಿ ಹೇಳಿದ ದಿನವೇ ಮದುವೆ ನಡೆಯಿತೆಂಬುದಕ್ಕೆ ಸಿಕ್ಕಷ್ಟು ಸಾಕ್ಷ್ಯ ಕೂಡಿಸಿರೆಂದು ಸೂಚಿಸಿದರು. ಆ ಸಾಕ್ಷ್ಯದ ರಾಶಿಯಲ್ಲಿ ಮೊದಲನೆಯದು ಈ ಲಗ್ನಪತ್ರಿಕೆ.

ಕುಳಿತು ನೋಡಿದಾಗ ಕಷ್ಟ ತಿಳಿಯಿತು. 'ಚಿ|| ಸೌ||' ಎಂಬುದನ್ನು ಏನೆಂದು ಹೇಳುವುದು? ಶೋಭಕೃತ್ ಸಂವತ್ಸರದ ಮಾಘ ಶುದ್ಧದ ತಿಥಿಗೆ ಪಕ್ಕದಲ್ಲಿಯೇ ಇಂಗ್ಲಿಷ್ ತಾರೀಖು ಇತ್ತು, ಪುಣ್ಯ. ವೃಷಭ ಲಗ್ನವನ್ನು ಶಬ್ದಶಃ ಇಂಗ್ಲಿಷಿಗೆ ತಿರುಗಿಸಿದರೆ ಮದುಮಕ್ಕಳ ನಡುವೆ ಗೂಳಿಯೊಂದು ಬಂದು ನಿಲ್ಲುತ್ತದೆ. 'ಗುರುಹಿರಿಯರು ನಿಶ್ಚಯಿಸಿರುವುದರಿಂದ' ಎಂಬ ಮಾತಂತೂ ನನ್ನನ್ನು ಬಹಳ ಹೊತ್ತು ಕಾಡಿತು. ನಮಗೆ ಅದು ವಿನಯದ ನುಡಿ. ಓದುವ ಅಧಿಕಾರಿಗೆ ಹುಡುಗಿಯನ್ನು ಒತ್ತಾಯಪಡಿಸಿ ಕೊಟ್ಟಂತೆ ಕಂಡರೆ? ಇವೆಲ್ಲಕ್ಕಿಂತ ದೊಡ್ಡ ತೊಡಕು ಕಡೆಯ ಕ್ರಿಯಾಪದದಲ್ಲಿತ್ತು. ಪತ್ರಿಕೆಯ ಪ್ರಕಾರ ಮದುವೆ 'ನಡೆಯುವುದು'. ಅಧಿಕಾರಿಗೆ ಬೇಕಾದದ್ದು 'ನಡೆಯಿತು'. ಲಗ್ನಪತ್ರಿಕೆ ಆಹ್ವಾನವೇ ಹೊರತು ವರದಿಯಲ್ಲ. ಭವಿಷ್ಯತ್ಕಾಲದ ಈ ಕಾಗದ ಭೂತಕಾಲಕ್ಕೆ ಸಾಕ್ಷಿ ನುಡಿಯಬೇಕಾಗಿತ್ತು.

ನಮ್ಮ ಮದುವೆಗಳಿಗೆ ಸಾಕ್ಷಿಗಳ ಕೊರತೆ ಎಂದೂ ಇದ್ದುದಿಲ್ಲ. ಅಗ್ನಿ ಸಾಕ್ಷಿ, ದೇವರು ಸಾಕ್ಷಿ, ಓಲಗದವರು ಸಾಕ್ಷಿ, ಊಟಕ್ಕೆ ಕುಳಿತ ಪಂಕ್ತಿಯೆಲ್ಲ ಸಾಕ್ಷಿ. ೧೯೫೫ರ ಹಿಂದೂ ವಿವಾಹ ಅಧಿನಿಯಮವೂ ಈ ಭಾವನೆಯನ್ನು ತಳ್ಳಿಹಾಕಲಿಲ್ಲ. ವಧೂವರರಲ್ಲಿ ಯಾರಾದರೊಬ್ಬರ ಸಂಪ್ರದಾಯದ ವಿಧಿಗಳಂತೆ ಮದುವೆ ನಡೆಯಬಹುದು. ಆ ವಿಧಿಗಳಲ್ಲಿ ಸಪ್ತಪದಿ ಸೇರಿದ್ದರೆ ಏಳನೆಯ ಹೆಜ್ಜೆಯೊಡನೆ ಮದುವೆ ಪೂರ್ಣವಾಗುತ್ತದೆ. ಇದು ಅದರ ಏಳನೆಯ ಪ್ರಕರಣದ ಮಾತು. ಏಳು ಹೆಜ್ಜೆಗೆ ಏಳನೆಯ ಪ್ರಕರಣವೇ ಒದಗಿದ್ದು ಕಾಕತಾಳೀಯವಿರಬೇಕು. ನೋಂದಣಿ ಬರುವುದು ಎಂಟನೆಯದರಲ್ಲಿ. ಅದೂ ಮದುವೆಯನ್ನು ರುಜುಪಡಿಸಲು ಅನುಕೂಲವಾಗಲೆಂದು. ನೋಂದಣಿಯಾಗದ ಮಾತ್ರಕ್ಕೆ ಮದುವೆಗೆ ಊನವಿಲ್ಲವೆಂದು ಆ ಪ್ರಕರಣವೇ ಹೇಳುತ್ತದೆ. ಎಲ್ಲ ಧರ್ಮದವರ ಮದುವೆಗಳನ್ನೂ ಕಡ್ಡಾಯವಾಗಿ ನೋಂದಾಯಿಸಬೇಕೆಂದು ಸುಪ್ರೀಂ ಕೋರ್ಟು ರಾಜ್ಯಗಳಿಗೆ ನಿರ್ದೇಶನ ಕೊಟ್ಟದ್ದು ೨೦೦೬ರಲ್ಲಿ. ಹಾಗಾಗಿ ಹೆಜ್ಜೆ ಮದುವೆಯನ್ನು ಮಾಡುತ್ತದೆ, ಕಾಗದ ಅದನ್ನು ಹೇಳುತ್ತದೆ.

ಅಮೆರಿಕದ ವಲಸೆಯ ಕಾನೂನೂ ಮೇಲ್ನೋಟಕ್ಕೆ ಇದನ್ನೇ ಒಪ್ಪುತ್ತದೆ. ಸಾಮಾನ್ಯವಾಗಿ, ಮದುವೆ ನಡೆದ ನೆಲದಲ್ಲಿ ಅದು ಸಿಂಧುವೇ ಎಂಬುದು ಅದರ ಮೊದಲ ಪ್ರಶ್ನೆ. ಆದರೆ ರುಜುವಾತಿಗೆ ಒಂದು ಮೆಟ್ಟಿಲಸಾಲು ಇದೆ. ಸರ್ಕಾರದ ಅಧಿಕಾರಿ ಕೊಟ್ಟ ವಿವಾಹಪತ್ರ ಮೇಲಿನ ಮೆಟ್ಟಿಲು. ಅದು ದೊರಕದಿದ್ದರೆ ಚರ್ಚಿನ ದಾಖಲೆಯಂಥ ಎರಡನೆಯ ದರ್ಜೆಯ ಸಾಕ್ಷ್ಯ. ಅದೂ ಇಲ್ಲವಾದರೆ, ಸಂಗತಿಯನ್ನು ಪ್ರತ್ಯಕ್ಷವಾಗಿ ಬಲ್ಲ ಇಬ್ಬರ ಅಫಿಡವಿಟ್ಟು. ಆ ಇಬ್ಬರೂ ಅರ್ಜಿಯಲ್ಲಿ ಪಕ್ಷಗಾರರಾಗಿರಬಾರದು. ಮದುಮಕ್ಕಳು ಎದುರುಬದುರಾಗಿರದೆ ಆದ ಮದುವೆಗೆ, ಅನಂತರ ಅವರು ದಾಂಪತ್ಯ ನಡೆಸಿದರಲ್ಲದೆ, ಅಲ್ಲಿ ಮನ್ನಣೆಯಿಲ್ಲ; ದೂರವಾಣಿಯಲ್ಲಿ ಆದ ನಿಕಾಹುಗಳು ಅನೇಕ ಸಲ ಈ ಕಲ್ಲಿಗೆ ಎಡವುತ್ತವೆ. ಇಷ್ಟಾದ ಮೇಲೂ, ಆ ದೇಶವನ್ನು ಪ್ರವೇಶಿಸುವ ದಿನಕ್ಕೆ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಸಿಕ್ಕುವುದು ಷರತ್ತಿನ ವಾಸ ಮಾತ್ರ. ೧೯೮೬ರಲ್ಲಿ ಬಂದ ಕಾನೂನಿದು. ಎರಡು ವರ್ಷ ಕಳೆಯುವ ಹೊತ್ತಿಗೆ ಗಂಡಹೆಂಡಿರು ತಾವು ಗಂಡಹೆಂಡಿರೇ ಎಂದು ಮತ್ತೊಮ್ಮೆ ರುಜುಪಡಿಸಬೇಕು.

ಭಾಷಾಂತರ ಅರ್ಧದಲ್ಲಿ ನಿಂತಿದ್ದಾಗ ನನಗೆ ನೆನಪಾದದ್ದು ಗಾಂಧೀಜಿ ಬರೆದ ದಕ್ಷಿಣ ಆಫ್ರಿಕದ ಸತ್ಯಾಗ್ರಹದ ಇತಿಹಾಸ. ಹೆಂಡತಿಯೆಂಬುದನ್ನು ರುಜುಪಡಿಸಲಾರದೆ ಹಡಗುಕಟ್ಟೆಯಲ್ಲಿ ತಡೆಯಲ್ಪಟ್ಟ ಹೆಣ್ಣೊಬ್ಬಳಿಂದ ಒಂದು ಮಹಾಚಳವಳಿ ಹೊಸ ತಿರುವು ಪಡೆದ ಕಥೆ ಅಲ್ಲಿದೆ. ಬಾಯಿ ಮರಿಯಂ ಎಂಬಾಕೆ ಆ ನಾಡಿನಲ್ಲಿ ನೆಲಸಿದ್ದ ಹಸನ್ ಎಸೂಪನ ಹೆಂಡತಿ. ಮದುವೆ ಹಿಂದುಸ್ಥಾನದಲ್ಲಿ, ಮುಸಲ್ಮಾನ ವಿಧಿಯಂತೆ ಆಗಿತ್ತು. ವಲಸೆಯ ಅಧಿಕಾರಿಗಳು ಆಕೆಯನ್ನು ಒಳಕ್ಕೆ ಬಿಡಲಿಲ್ಲ. ಗಂಡ ಕೇಪ್ ಪ್ರಾಂತದ ನ್ಯಾಯಾಲಯಕ್ಕೆ ಹೋದ. ೧೯೧೩ರ ಮಾರ್ಚ್ ೧೪ರಂದು ನ್ಯಾಯಮೂರ್ತಿ ಸರ್ಲ್ ತೀರ್ಪು ಕೊಟ್ಟರು: ಬಹುಪತ್ನಿತ್ವಕ್ಕೆ ಅವಕಾಶವಿರುವ ಧರ್ಮದ ವಿಧಿಯಂತೆ ನಡೆದ ಮದುವೆಯನ್ನು ಆ ನಾಡಿನ ಕಾನೂನು ಮದುವೆಯೆಂದು ಗಣಿಸದು.

ಆ ಮಾತಿನ ವ್ಯಾಪ್ತಿಯನ್ನು ನೋಡಬೇಕು. ಒಬ್ಬನಿಗೆ ನಿಜವಾಗಿ ಇಬ್ಬರು ಹೆಂಡಿರಿದ್ದಾರೆಯೇ ಎಂಬುದು ಅಲ್ಲಿ ಪ್ರಶ್ನೆಯೇ ಆಗಲಿಲ್ಲ. ಅವನ ಧರ್ಮ ಹಾಗೆ ಮಾಡಲು ಬಿಡುತ್ತದೆಂಬುದೇ ಸಾಕಾಯಿತು. ಆ ಕಾಲಕ್ಕೆ ಹಿಂದೂಗಳಲ್ಲಿಯೂ ಆ ಅವಕಾಶವಿತ್ತು. ಹಾಗಾಗಿ ಒಂದು ಹೆಣ್ಣಿನ ಮೊಕದ್ದಮೆಯಲ್ಲಿ ಸಾವಿರಾರು ಹೆಣ್ಣುಮಕ್ಕಳ ತಾಳಿಗೆ ಕುತ್ತು ಬಂತು. ಕ್ರೈಸ್ತ ವಿಧಿಯಂತೆ ಆಗಿ ನೋಂದಣಿಗೊಂಡ ಮದುವೆಗಳ ಹೊರತು ಉಳಿದ ಹಿಂದೂ, ಮುಸಲ್ಮಾನ, ಪಾರಸಿ ಮದುವೆಗಳೆಲ್ಲ ಇಲ್ಲದಂತಾದುವೆಂದೂ, ಹೆಂಡತಿ ಇಟ್ಟುಕೊಂಡವಳ ಸ್ಥಾನಕ್ಕೆ ಇಳಿದಳೆಂದೂ, ಮಕ್ಕಳ ವಾರಸುದಾರಿಕೆಯೇ ಅಳಿಯಿತೆಂದೂ ಗಾಂಧೀಜಿ ವಿವರಿಸುತ್ತಾರೆ. ಇಲ್ಲಿ ಕಾಗದ ಸಾಲದೆಂದು ಯಾರೂ ಹೇಳಲಿಲ್ಲ. ಕಾಗದ ಎಷ್ಟಿದ್ದರೂ, ಅದು ಹೇಳುವ ಸಂಗತಿಯೇ ಸಂಗತಿಯಲ್ಲವೆಂದರು. ಅವಮಾನವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯೆಯನ್ನು ನಾನು ಕಾಣೆ.

ಅದುವರೆಗೆ ಹೆಂಗಸರನ್ನು ಸೆರೆಮನೆಗೆ ಕಳುಹಿಸಲು ಗಾಂಧೀಜಿ ಒಪ್ಪಿರಲಿಲ್ಲ. ಈ ತೀರ್ಪಿನ ಮೇಲೆ ಆ ತಡೆ ಬಿಚ್ಚಿತು. ೧೯೧೩ರ ಸೆಪ್ಟೆಂಬರ್ ೧೫ರಂದು ಫೀನಿಕ್ಸ್ ಆಶ್ರಮದಿಂದ ಹದಿನಾರು ಮಂದಿ ಟ್ರಾನ್ಸ್‌ವಾಲಿನ ಗಡಿಯತ್ತ ಹೊರಟರು. ಅವರಲ್ಲಿ ಕಸ್ತೂರಬಾ ಒಬ್ಬರು. ಅಪ್ಪಣೆಯಿಲ್ಲದೆ ಗಡಿ ದಾಟಿದುದಕ್ಕೆ ಅವರಿಗೆ ಮೂರು ತಿಂಗಳ ಕಠಿಣ ಶಿಕ್ಷೆಯಾಯಿತು. ಟಾಲ್‌ಸ್ಟಾಯ್ ಫಾರಮ್ಮಿನ ತಮಿಳು ಹೆಂಗಸರು ಇನ್ನೊಂದು ದಿಕ್ಕಿನಿಂದ ನೇಟಾಲಿಗೆ ಹೊಕ್ಕು, ನ್ಯೂಕ್ಯಾಸಲ್ಲಿನ ಕಲ್ಲಿದ್ದಲ ಗಣಿಗಳ ಕೂಲಿಗಳ ಮುಂದೆ ನಿಂತು ಮಾತನಾಡಿದರು. ಕೂಲಿಗಳು ಕೆಲಸ ಬಿಟ್ಟರು. ನವೆಂಬರಿನಲ್ಲಿ ಎರಡು ಸಾವಿರಕ್ಕೂ ಮೇಲ್ಪಟ್ಟ ಜನ ಗಾಂಧೀಜಿಯ ಹಿಂದೆ ಗಡಿಯ ಕಡೆಗೆ ನಡೆದರು. ಆಗ ಸೆರೆಮನೆಗೆ ಹೋದವರಲ್ಲಿ ವಳ್ಳಿಯಮ್ಮೆ ಎಂಬ ಹದಿನಾರರ ಹುಡುಗಿ ಜ್ವರ ಹೊತ್ತು ಹೊರಬಂದು, ಕೆಲವೇ ದಿನಗಳಲ್ಲಿ, ೧೯೧೪ರ ಫೆಬ್ರವರಿ ೨೨ರಂದು ತೀರಿಕೊಂಡಳು. ಅದೇ ವರ್ಷ ಬಂದ ಇಂಡಿಯನ್ ರಿಲೀಫ್ ಕಾನೂನು ಮೂರು ಪೌಂಡಿನ ತಲೆಗಂದಾಯವನ್ನು ತೆಗೆಯಿತು. ಒಬ್ಬಳೇ ಹೆಂಡತಿಯಿರುವ ಹಿಂದುಸ್ಥಾನದ ಮದುವೆಗಳನ್ನು ಸಿಂಧುವೆಂದು ಒಪ್ಪಿತು.

ಸರ್ಲ್ ಅವರ ತೀರ್ಪಿನ ಬೇರು ಹಳೆಯದು. ೧೮೬೬ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು, ಯೂಟಾದಲ್ಲಿ ಮಾರ್ಮನ್ ಪಂಥದ ರೀತಿಯಲ್ಲಿ ಆದ ಮದುವೆಯೊಂದನ್ನು ವಿಚಾರಿಸುತ್ತ, ಕ್ರೈಸ್ತ ಜಗತ್ತು ತಿಳಿಯುವ ಮದುವೆಯೆಂದರೆ ಒಬ್ಬ ಗಂಡು ಒಬ್ಬ ಹೆಣ್ಣು ಉಳಿದವರನ್ನೆಲ್ಲ ಬಿಟ್ಟು ಜೀವಮಾನಕ್ಕೆ ಒಂದಾಗುವುದೆಂದು ಗೆರೆ ಎಳೆದಿತ್ತು. ಆ ಗೆರೆ ಸಾಮ್ರಾಜ್ಯದ ಉದ್ದಕ್ಕೂ ಹರಿದಾಡಿತು. ೧೯೪೬ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವೇ, ಹಿಂದುಸ್ಥಾನದಲ್ಲಿ ಹಿಂದೂ ವಿಧಿಯಂತೆ ಮದುವೆಯಾಗಿದ್ದವನು ಲಂಡನ್ನಿನಲ್ಲಿ ಮತ್ತೊಬ್ಬಳನ್ನು ಕೈಹಿಡಿದಾಗ, ಅವನು ಆಗಲೇ ವಿವಾಹಿತನೆಂದು ಹೇಳಿತು. ಮೊದಲ ಹೆಂಡತಿಗೆ ಮನ್ನಣೆ ಸಿಕ್ಕಿದ್ದು ಗಂಡ ತಪ್ಪು ಮಾಡಿದ ಮೇಲೆ!

ಇದಕ್ಕೆ ನೇರ ತಿರುಗುಮುರುಗಾದ ಪ್ರಸಂಗವೂ ಉಂಟು. ೧೯೦೮ರಿಂದ ಮುಂದಿನ ಹತ್ತು ಹನ್ನೆರಡು ವರ್ಷ ಜಪಾನಿನ ಅನೇಕ ಹೆಣ್ಣುಮಕ್ಕಳು ಭಾವಚಿತ್ರ ನೋಡಿ ಒಪ್ಪಿದ ಗಂಡಂದಿರ ಬಳಿಗೆ ಅಮೆರಿಕಕ್ಕೆ ಹಡಗೇರಿದರು. ಜಪಾನಿನಲ್ಲಿ ಮದುವೆಯೆಂದರೆ ಗಂಡನ ಕುಟುಂಬದ ಪಟ್ಟಿಯಲ್ಲಿ ಹೆಣ್ಣಿನ ಹೆಸರು ಸೇರುವುದು. ವಿಧಿ ಇರಲಿ ಬಿಡಲಿ, ಬರಹವೇ ಮದುವೆ. ಅಲ್ಲಿ ಕಾಗದ ಸಮರ್ಪಕವಾಗಿತ್ತು. ಅಮೆರಿಕದ ಅಧಿಕಾರಿಗಳು ಮೊದಲ ಕೆಲವು ವರ್ಷ ಅದನ್ನು ನಂಬದೆ, ಹಡಗಿನಿಂದಿಳಿದ ಹೆಣ್ಣುಗಳನ್ನು ಕಟ್ಟೆಯಲ್ಲಿಯೇ ಸಾಲಾಗಿ ನಿಲ್ಲಿಸಿ ಪಾದ್ರಿಗಳಿಂದ ಮತ್ತೊಮ್ಮೆ ಮದುವೆ ಮಾಡಿಸುತ್ತಿದ್ದರು. ವಿಧಿಯಿದ್ದವರನ್ನು ಕಾಗದ ಕೇಳುವುದು, ಕಾಗದವಿದ್ದವರನ್ನು ವಿಧಿ ಕೇಳುವುದು!

ಸಂಶಯಕ್ಕೆ ಎಲ್ಲೆಯಿಲ್ಲದಾಗ ಅದು ಎಲ್ಲಿಗೆ ಮುಟ್ಟೀತೆಂಬುದು ೧೯೭೯ರ ಜನವರಿಯಲ್ಲಿ ಲಂಡನ್ನಿನ ಹೀತ್ರೂ ವಿಮಾನನಿಲ್ದಾಣದಲ್ಲಿ ಕಾಣಿಸಿತು. ನಿಶ್ಚಯವಾದ ವರನನ್ನು ಮದುವೆಯಾಗಲು ಭಾರತದಿಂದ ಬಂದಿಳಿದ ಶಿಕ್ಷಕಿಯೊಬ್ಬರು ಆಗಲೇ ಮದುವೆಯಾದವರಿರಬಹುದೆಂಬ ಗುಮಾನಿಯ ಮೇಲೆ ಅವರ ದೇಹವನ್ನೇ ಪರೀಕ್ಷೆಗೆ ಒಳಪಡಿಸಿದರು. ಸುದ್ದಿ ಹೊರಬಿದ್ದಾಗ ಇಲ್ಲಿಯೂ ಅಲ್ಲಿಯೂ ದೊಡ್ಡ ಕೋಲಾಹಲವಾಗಿ ಆ ಪದ್ಧತಿ ನಿಂತಿತು. ಕಾಗದದ ಬೇಸರವನ್ನು ಕುರಿತು ಇಷ್ಟು ಬರೆದ ನಾನು ಈ ಸಂಗತಿಯನ್ನು ನೆನೆದಾಗ, ಕಾಗದವೇ ವಾಸಿಯೆಂದು ಒಪ್ಪಿಕೊಳ್ಳಬೇಕಾಗುತ್ತದೆ.

ನಮ್ಮವರೂ ಈ ಆಟದಲ್ಲಿ ಮುಗ್ಧರಲ್ಲ. ಇಬ್ಬರು ತರಬೇತಿ ಪಡೆದ ವಿಮಾನಚಾಲಕರು ವಿಧಿಯೇನೂ ನಡೆಯದೆ ಸಂಸ್ಥೆಯೊಂದರಿಂದ ಮದುವೆಯ ಪತ್ರ ಪಡೆದು, ಅದರ ಮೇಲೆ ನೋಂದಣಿಯನ್ನೂ ಮಾಡಿಸಿದ್ದರು. ಕಲ್ಯಾಣ ಆಮೇಲೆ ಆಗುವುದಿತ್ತು. ಅಷ್ಟರಲ್ಲಿ ಮನಸ್ಸು ಮುರಿಯಿತು. ೨೦೨೪ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ. ವಿ. ನಾಗರತ್ನ ಮತ್ತು ಆಗಸ್ಟಿನ್ ಜಾರ್ಜ್ ಮಸೀಹ್ ಅವರು ಇದು ಮದುವೆಯೇ ಅಲ್ಲವೆಂದರು. ನಾಗರತ್ನ ಅವರು ನಮ್ಮ ನಾಡಿನವರೇ. ಪರದೇಶದ ವೀಸಾಕ್ಕೆಂದು, ಹೊತ್ತು ಉಳಿಸಲೆಂದು, ತಂದೆತಾಯಿಗಳೇ ಮುಂದಾಗಿ ಮದುವೆಗೆ ಮುಂಚೆ ನೋಂದಣಿ ಮಾಡಿಸುವ ರೂಢಿಯನ್ನು ಆ ತೀರ್ಪು ಹೆಸರಿಟ್ಟು ಖಂಡಿಸುತ್ತದೆ. ಸರ್ಲ್ ಮದುವೆಗೆ ವಿಧಿ ಸಾಲದೆಂದರು. ನೂರಹನ್ನೊಂದು ವರ್ಷದ ಮೇಲೆ ನಮ್ಮ ನ್ಯಾಯಾಲಯ ವಿಧಿಯಿಲ್ಲದೆ ಕಾಗದ ಸಾಲದೆಂದಿತು. ಪರದೇಶದ ಅಧಿಕಾರಿಗಳ ಸಂಶಯದಲ್ಲಿ ಒಂದಿಷ್ಟನ್ನು ನಾವೇ ಬಿತ್ತಿ ಬೆಳೆದಿದ್ದೇವೆಂದು ಅದನ್ನು ಓದಿದಾಗ ನನಗೆ ತೋರಿತು. ಅದರ ಫಲವನ್ನು ಉಣ್ಣುತ್ತಿರುವವಳು ಮಾತ್ರ ನಾನೂರು ಜನರೆದುರು ಏಳು ಹೆಜ್ಜೆ ನಡೆದ ನನ್ನ ಶಿಷ್ಯೆ.

ಲಗ್ನಪತ್ರಿಕೆಯ ಭಾಷಾಂತರ ಅಂತೂ ಮುಗಿಯಿತು. 'ಗುರುಹಿರಿಯರು ನಿಶ್ಚಯಿಸಿರುವುದರಿಂದ' ಎಂಬಲ್ಲಿ ಹಿರಿಯರ ಆಶೀರ್ವಾದ ಎಂದು ತಿದ್ದಲು ಕೈ ತುರಿಸಿತು. ನಿಷ್ಠೆಗೆ ರುಜು ಹಾಕುವವನು ಹಾಗೆ ಮಾಡಬಾರದೆಂದು ಇದ್ದುದನ್ನು ಇದ್ದಂತೆಯೇ ಇಟ್ಟೆ. ಇನ್ನುಳಿದದ್ದು ಕಣ್ಣಾರೆ ಕಂಡವರ ಎರಡು ಹೇಳಿಕೆ. ಪುರೋಹಿತರು ಒಂದು ಕೊಟ್ಟರು; ಮಂತ್ರದಂತೆ ಸ್ವಚ್ಛವಾಗಿ, ತಿಥಿ ವಾರ ನಕ್ಷತ್ರ ಸಹಿತ. ಇನ್ನೊಂದು ಹುಡುಗಿಯ ಅಜ್ಜಿಯದು. ಅದನ್ನೂ ಬರೆದುಕೊಂಡು ಇಂಗ್ಲಿಷ್ ಮಾಡಿಕೊಡಲು ಅವರ ಮನೆಗೆ ನಾನೇ ಹೋದೆ.

ಅಜ್ಜಿಗೆ ತಾರೀಖು ನೆನಪಿರಲಿಲ್ಲ. ಧಾರೆಯ ಹೊತ್ತಿಗೆ ಕರೆಂಟು ಹೋದದ್ದು, ಓಲಗದವರು ಕತ್ತಲಲ್ಲಿಯೇ ಗಟ್ಟಿಮೇಳ ಬಾರಿಸಿದ್ದು, ಅಳಿಯನ ಕೈ ನಡುಗಿ ಮೂರನೆಯ ಗಂಟನ್ನು ನಾದಿನಿ ಹಾಕಿದ್ದು, ಹೋಮದ ಹೊಗೆಗೆ ತಮ್ಮ ಕಣ್ಣಲ್ಲಿ ನೀರು ಬಂದುದನ್ನು ಜನ ಅಳುವೆಂದು ತಿಳಿದದ್ದು, ಇವೆಲ್ಲ ನೆನಪಿದ್ದುವು. ವಕೀಲರು ಕೊಟ್ಟಿದ್ದ ಮಾದರಿಯಲ್ಲಿ ಇವಕ್ಕೆ ಜಾಗವಿರಲಿಲ್ಲ. ಆದರೂ ಅವರು ಹೇಳಿದ್ದನ್ನೆಲ್ಲ ಬರೆದು, ಓದಿ ಹೇಳಿದೆ. ನೋಟರಿಯ ಎದುರು, ಕನ್ನಡಕ ಸರಿಮಾಡಿಕೊಂಡು, ಬಹಳ ನಿಧಾನವಾಗಿ ತಮ್ಮ ಹೆಸರಿನ ನಾಲ್ಕು ಅಕ್ಷರ ಮೂಡಿಸಿ, ಲೇಖನಿಯನ್ನು ನನ್ನ ಕೈಗೆ ಹಿಂದಿರುಗಿಸುತ್ತ ಕೇಳಿದರು: "ಇಷ್ಟು ಸಾಕೇ ಮೇಷ್ಟ್ರೇ? ಇಲ್ಲ, ಊಟಕ್ಕೆ ಏನೇನು ಮಾಡಿಸಿದ್ದೆವು ಅಂತಲೂ ಹೇಳಲೇ?"