ಅಳಿಸಿದ ಆಜ್ಞೆಯನ್ನು ಕೇಳಿದ ಕಂಪೈಲರು

ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ದಾಂಡೇಲಿಗೆ ಬಂದಾಗ ‘ಕಂಪೈಲರು ಕ್ರ್ಯಾಶ್ ಆಯಿತು’ ಎಂದು ಆಡಿಕೊಳ್ಳುವದನ್ನು ಪಾಲಕರು ಕೇಳಿರಬಹುದು. ಅದೇನೆಂಬುದನ್ನು ಇಲ್ಲಿ ಸ್ವಲ್ಪದರಲ್ಲಿ ವಿವರಿಸುವೆನು.

ಮನುಷ್ಯರು ಬರೆದ ಆಜ್ಞೆಗಳನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಧನವೇ ಕಂಪೈಲರು. ಅದು ಬರಿಯ ಭಾಷಾಂತರಕಾರನಲ್ಲ. ಬರೆಹವನ್ನು ಹಲವು ಸಾರೆ ತಿದ್ದಿ ಚುರುಕುಗೊಳಿಸುವದು. ಅಂಥ ಒಂದೊಂದು ಸುತ್ತಿಗೆ ‘ಪಾಸ್’ ಎಂದು ಹೆಸರು. 2000ದಲ್ಲಿ ಅಮೇರಿಕೆಯ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಎಲ್‌ಎಲ್‌ವಿಎಂ ಎಂಬ ವ್ಯವಸ್ಥೆಯಲ್ಲಿ ಇಂಥ ಸುತ್ತುಗಳು ಹತ್ತಾರು ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಈ ವಿದ್ಯೆ ಬೇರೂರಿದೆ, ಅಲ್ಲಿಯ ವೈ. ಎನ್. ಶ್ರೀಕಾಂತ, ಪ್ರೀತಿ ಶಂಕರ ಇವರು ಸಂಪಾದಿಸಿದ ಕಂಪೈಲರ್ ಕೈಪಿಡಿಯು 2002ರಲ್ಲಿ ಪ್ರಕಟವಾಯಿತು.

ಯಾರಿಗೂ ಬೇಡವಾದ ಆಜ್ಞೆಗಳನ್ನು ಅಳಿಸುವದು ಒಂದು ಸುತ್ತಿನ ಕೆಲಸ. ಆಜ್ಞೆಗಳು ಸರಪಳಿಯಂತಿರುವವು, ಮುಂದಿನದು ಎಲ್ಲಿರುವದೆಂಬುದು ಹಿಂದಿನದಕ್ಕೇ ಗೊತ್ತು. ಈಗ ಒಂದನ್ನು ಅಳಿಸಿ, ಆ ಮೇಲೆ ಅದನ್ನೇ ‘ನಿನ್ನ ಮುಂದಿನವರು ಯಾರು?’ ಎಂದು ಕೇಳಿದರೆ ಗತಿಯೇನು? ಹಾಜರಿ ಪುಸ್ತಕದ ಹಾಳೆಯನ್ನು ಹರಿದೊಗೆದು, ಮುಂದಿನ ಹೆಸರನ್ನು ಅದರಲ್ಲಿಯೇ ಹುಡುಕಿದಂತಾಯಿತು. ಕಂಪೈಲರು ಅಲ್ಲಿಯೇ ಕುಸಿಯುವದು.

ದೋಷವನ್ನು ಹುಡುಕುವವರು ಮೊದಲು, ಕುಸಿತಕ್ಕೆ ಕಾರಣವಾದ ದೊಡ್ಡ ಬರೆಹವನ್ನು ಅರ್ಧರ್ಧವಾಗಿ ಕತ್ತರಿಸುತ್ತ, ಕುಸಿತವು ಉಳಿದಿರುವವರೆಗೂ ಕಿರಿದುಗೊಳಿಸುವರು. ಸಾವಿರಾರು ಸಾಲುಗಳಲ್ಲಿ ಹತ್ತೇ ಉಳಿದಾಗ ಕಲ್ಲು ಮೊರದಂಚಿಗೆ ಬಂದಂತೆ. ಅಳಿಸುವ ಮೊದಲೇ ಮುಂದಿನದನ್ನು ಗುರುತಿಟ್ಟುಕೊಳ್ಳುವದು ಎಲ್ಲರಿಗೂ ಹೊಳೆಯುವ ಉಪಾಯ. ಆದರೆ ಅಷ್ಟು ಸಾಲದು. ಒಂದು ಆಜ್ಞೆ ಅಳಿದಾಗ ಅದಕ್ಕಾಗಿಯೇ ಇದ್ದ ಇನ್ನೊಂದೂ ಬೇಡವಾಗಿ ಜತೆಯಲ್ಲಿಯೇ ಅಳಿಯಬಹುದು. ನಾವು ಗುರುತಿಟ್ಟುಕೊಂಡದ್ದು ಅದೇ ಆಗಿದ್ದರೆ ಮತ್ತೆ ಅದೇ ಕುಸಿತ! ಆದುದರಿಂದ ಸುತ್ತುವಾಗ ಏನನ್ನೂ ಅಳಿಸದೆ ಗುರುತನ್ನಷ್ಟೇ ಹಾಕಿ, ಸುತ್ತು ಮುಗಿದ ಮೇಲೆ ಗುರುತಿದ್ದುದನ್ನೆಲ್ಲ ಒಂದೊಂದೇ ಸಲ ಅಳಿಸತಕ್ಕದ್ದು.

ಕುಸಿತವು ದೊಡ್ಡ ಅನಿಷ್ಟವೆಂದು ತೋರಬಹುದು. ನನಗೆ ಹಾಗೆನಿಸುವದಿಲ್ಲ. ತಪ್ಪು ಉತ್ತರವನ್ನು ದುಂಡಗೆ ಬರೆದುಕೊಟ್ಟ ಹುಡುಗಿಗಿಂತ, ಉತ್ತರ ಬಾರದೆ ನಿಂತ ಹುಡುಗಿಯನ್ನು ತಿದ್ದುವದು ಸುಲಭವೆಂಬುದನ್ನು ಶಿಕ್ಷಕಿಯರೆಲ್ಲರೂ ಬಲ್ಲರು. ಕಂಪೈಲರು ಕುಸಿಯದೆ, ಸದ್ದಿಲ್ಲದೆ ತಪ್ಪು ಭಾಷಾಂತರ ಮಾಡಿದರೆ, ಆ ತಪ್ಪು ಆಸ್ಪತ್ರೆಯ ಯಂತ್ರವನ್ನೂ ವಿಮಾನವನ್ನೂ ಸೇರಬಹುದು. ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ವರದಿಯಂತೆ, ಮೂರು ವರ್ಷಗಳಲ್ಲಿ ಅವರು ಕಂಪೈಲರುಗಳಲ್ಲಿ 325ಕ್ಕೂ ಹೆಚ್ಚು ಹೊಸ ದೋಷಗಳನ್ನು ಕಂಡುಹಿಡಿದರು. ಪರೀಕ್ಷಿಸಿದ ಪ್ರತಿಯೊಂದು ಕಂಪೈಲರಿನಲ್ಲಿಯೂ ಈ ಎರಡು ಬಗೆಯ ದೋಷಗಳಿದ್ದವು.

ದುರಸ್ತಿಯಾದ ಬಳಿಕ ಆ ಹತ್ತು ಸಾಲಿನ ಬರೆಹವನ್ನು ಬಿಸಾಡುವದಿಲ್ಲ. ಮುಂದೆ ಯಾರು ಏನು ತಿದ್ದಿದರೂ ಅದನ್ನೊಮ್ಮೆ ಓಡಿಸಿ ನೋಡಿದ ಹೊರತು ಆ ತಿದ್ದುಪಡಿಯನ್ನು ಒಳಗೆ ಸೇರಿಸುವದಿಲ್ಲ.