ಬಾಡಿಗೆಗೊಂದು ಮನೆ: ಕೊಳ್ಳುವ ಕಾಲ ಯಾವುದು?

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದರು ಹಿರಿಯರು. ವಾಸಕ್ಕಲ್ಲದೆ ಬಾಡಿಗೆಯ ವರಮಾನಕ್ಕೆಂದು ಮೊದಲ ಬಾರಿಗೆ ಮನೆ ಕೊಳ್ಳಹೊರಟ ಸಂಸಾರಸ್ಥನಿಗೆ ಈ ಮಾತು ಇಮ್ಮಡಿಯಾಗಿ ಸಲ್ಲುತ್ತದೆ. ಕಾದರೆ ಬೆಲೆ ಏರೀತೆಂಬ ಅಂಜಿಕೆ. ಕೊಂಡರೆ ಇಳಿದೀತೆಂಬ ಅಂಜಿಕೆ. ಇವೆರಡರ ನಡುವೆ ವರ್ಷಗಳೇ ಉರುಳುವುದುಂಟು.

ಬೆಂಗಳೂರಿನ ಈಚಿನ ಅನುಭವವನ್ನೇ ನೋಡಬಹುದು. 2020ರ ಕೊರೋನಾ ಹಾವಳಿಯಲ್ಲಿ ಸಾಫ್ಟ್‌ವೇರ್ ನೌಕರರು ತಮ್ಮ ಊರುಗಳಿಗೆ ತೆರಳಿದಾಗ ವೈಟ್‌ಫೀಲ್ಡ್, ಮಾರತಹಳ್ಳಿಗಳಲ್ಲಿ ಎಷ್ಟೋ ಮನೆಗಳು ತಿಂಗಳುಗಟ್ಟಲೆ ಬರಿದಾಗಿದ್ದವು. ಅದೇ ವರ್ಷದ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇಕಡಾ 4ಕ್ಕೆ ಇಳಿಸಿತು. ಸಾಲವೇನೋ ಅಗ್ಗವಾಯಿತು, ಬಾಡಿಗೆಗೆ ಬರುವವರಿರಲಿಲ್ಲ. ಮುಂದೆ ಕಚೇರಿಗಳು ತೆರೆದು ಬಾಡಿಗೆಗಳು ಜಿಗಿದವು. ಅಷ್ಟರಲ್ಲಿ, 2023ರ ಫೆಬ್ರವರಿಯ ಹೊತ್ತಿಗೆ, ರೆಪೊ ದರ ಶೇಕಡಾ 6.5 ಮುಟ್ಟಿತ್ತು. ಎರಡು ಅನುಕೂಲಗಳೂ ಕೂಡಿಬರುವ ಸುಮುಹೂರ್ತಕ್ಕಾಗಿ ಕಾಯುವುದು ವ್ಯರ್ಥವೆಂಬುದಕ್ಕೆ ಇಷ್ಟು ಸಾಕು.

ಆ ಮುಹೂರ್ತವನ್ನು ಪೇಟೆಯ ಧಾರಣೆಗಿಂತ ಮನೆಯ ಲೆಕ್ಕದ ಪುಸ್ತಕದಲ್ಲಿ ಹುಡುಕುವುದು ಮೇಲು. ಉದಾಹರಣೆಗೆ, 80 ಲಕ್ಷದ ಮನೆಗೆ 30 ಲಕ್ಷ ಕೈಯಿಂದ ಹಾಕಿ, 50 ಲಕ್ಷ ಸಾಲವನ್ನು 20 ವರ್ಷಕ್ಕೆ ತಂದರೆಂದು ಭಾವಿಸೋಣ. ಬಡ್ಡಿ ಶೇಕಡಾ 7 ಇದ್ದರೆ ತಿಂಗಳ ಕಂತು ಸುಮಾರು 38,800 ರೂಪಾಯಿ. ಶೇಕಡಾ 9 ಆದರೆ ಸುಮಾರು 45,000. ಬಾಡಿಗೆ 22,000 ಬಂದರೂ ಉಳಿದುದನ್ನು ಸಂಬಳವೇ ತುಂಬಬೇಕು. ಬಡ್ಡಿ ಏರಿದಾಗ ಬ್ಯಾಂಕು ಕಂತನ್ನು ಹೆಚ್ಚಿಸದೆ ಅವಧಿಯನ್ನು ಬೆಳೆಸಿದರೂ ಹೊರೆ ತಪ್ಪದು. ಆದುದರಿಂದ ಹೆಚ್ಚಿನ ಬಡ್ಡಿಯಲ್ಲಿ, ಆರು ತಿಂಗಳು ಮನೆ ಖಾಲಿ ಬಿದ್ದರೂ ಕಂತು ತಪ್ಪದಷ್ಟು ಹಣ, ಎಂದರೆ ಸುಮಾರು 2 ಲಕ್ಷ 70 ಸಾವಿರ, ಬೇರೆಯಾಗಿ ಇರಬೇಕು.

ಇದಲ್ಲದೆ ಖರೀದಿಯ ಖರ್ಚೂ ಇದೆ. ಕರ್ನಾಟಕದಲ್ಲಿ ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇಕಡಾ 1ರಿಂದ 2ಕ್ಕೆ ಏರಿತು. ಇಂತಹ ಮನೆಗೆ ಶೇಕಡಾ 5ರ ಮುದ್ರಾಂಕ ಶುಲ್ಕವೂ ಸೇರಿ 5 ಲಕ್ಷ 60 ಸಾವಿರವಾಗುತ್ತದೆ, ಉಪಕರಗಳು ಬೇರೆ. ಕಾಗದಪತ್ರಗಳಲ್ಲಿ ಉದಾಸೀನ ಸಲ್ಲದು. ಖಾತೆ, ಹಿಂದಿನ ಕ್ರಯಪತ್ರಗಳು, ಋಣಭಾರ ಪತ್ರ ಇವನ್ನು ವಕೀಲರಿಗೆ ತೋರಿಸಬೇಕು. ಕಟ್ಟುತ್ತಿರುವ ಅಪಾರ್ಟ್‌ಮೆಂಟಾದರೆ, 2016ರ ರೇರಾ ಕಾಯಿದೆಯ ಪ್ರಕಾರ ನೋಂದಣಿಯಾಗಿದೆಯೇ ಎಂದು ವಿಚಾರಿಸಬೇಕು. ಕೊಳ್ಳುವವರಿಂದ ಪಡೆದ ಹಣದ ಶೇಕಡಾ 70 ಭಾಗವನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಡಬೇಕೆಂದು ಆ ಕಾಯಿದೆ ವಿಧಿಸುತ್ತದೆ.

ಠೇವಣಿಯನ್ನು ಒಂದೇ ದಿನದಲ್ಲಿ ಮುರಿಸಬಹುದು. ಮಗಳ ಕಾಲೇಜಿನ ಶುಲ್ಕಕ್ಕೆಂದು ಮನೆಯ ಒಂದು ಕೋಣೆಯನ್ನಷ್ಟೇ ಮಾರಲು ಬರುವುದಿಲ್ಲ. ಮುಂದಿನ ಏಳೆಂಟು ವರ್ಷ ಆ ಹಣದ ಅಗತ್ಯ ಬೀಳದೆಂಬ ಧೈರ್ಯವಿದ್ದು, ಮೇಲಿನ ಲೆಕ್ಕವೂ ಸರಿದೂಗಿದರೆ, ಪೇಟೆ ಹೇಗಿದ್ದರೂ ಕೊಳ್ಳಬಹುದು. ದೂಗದಿದ್ದರೆ ಇನ್ನೆರಡು ವರ್ಷ ಉಳಿತಾಯ ಮಾಡುವುದೇ ಲೇಸು. ಅಷ್ಟರಲ್ಲಿ ಮನೆಗಳೆಲ್ಲ ಮಾರಿಹೋಗಿ ಊರು ಬರಿದಾಗುವುದಿಲ್ಲ.